ಗುಡುಗು ಸರ್ ಮತ್ತು ಕನ್ನಡಕದ ಮೇಡಂ

ಭಾನುವಾರ ಬೆಳಿಗ್ಗೆ ತಾಯಿ ತಟ್ಟೆ ತಂದು ಮುಂದಿಟ್ಟರೂ ಅವಳು ಮುಟ್ಟಲಿಲ್ಲ. ವಾರದ ಆರು ದಿನ ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಏಳನೆಯ ದಿನ ಮಕ್ಕಳ ಬಾಸ್ಕೆಟ್‌ಬಾಲ್ ಪಂದ್ಯಗಳಿಗೆ ರೆಫರಿ. ಮೊದಮೊದಲು ಭಾನುವಾರ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದಳು. ಈಗ ಶನಿವಾರ ಸಂಜೆಯಿಂದಲೇ ಪಂದ್ಯ ಹೇಗಾದರೂ ನಿಂತುಹೋಗಲಿ ಎಂದು ಬೇಡಿಕೊಳ್ಳುತ್ತಿದ್ದಳು.

"ಇವತ್ತೂ ಆ ಗುಡುಗು ಸರ್ ತಂಡಾನೇನೇ?" ಎಂದರು ತಾಯಿ.

"ಹೂಂ ಅಮ್ಮ."

"ಹುಷಾರಿಲ್ಲ ಅಂತ ಒಂದು ಫೋನ್ ಮಾಡ್ಬಿಡು."

"ಎಷ್ಟು ಸಲ ಅಂತ ಹುಷಾರು ತಪ್ಪೋದು?"

ಗುಡುಗು ಸರ್ ನೀಲಿ ತಂಡದ ಕೋಚ್. ಗಂಟಲು ಅಂಥದ್ದು, ಹೆಸರು ತಾನಾಗಿ ಅಂಟಿಕೊಂಡಿತ್ತು. ಹೋದ ತಿಂಗಳು ಅವರು ಪಂದ್ಯದುದ್ದಕ್ಕೂ ಅವಳ ಮೇಲೆ ಕೂಗಾಡಿದ್ದರು. ಅವಳು ಕೇಳಿಸದವಳಂತೆ ನಟಿಸಿದಳು. ಕೋಚ್ ಕೂಗಿದರೂ ಏನೂ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಹುಡುಗಿಯರೂ ತಳ್ಳಾಟಕ್ಕೆ ಇಳಿದರು. ಕೊನೆಗೆ ಎದುರು ತಂಡದ ಒಬ್ಬಳು ಬಿದ್ದು ಮಣಿಕಟ್ಟು ಮುರಿದುಕೊಂಡಳು. ರೆಫರಿಯಾಗಿದ್ದ ಇವಳನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಮನಸ್ಸು ಇಷ್ಟು ಭಾರವಾಗುತ್ತಿರಲಿಲ್ಲವೇನೋ.

ಅಂಕಣದಲ್ಲಿ ಜೊತೆ ರೆಫರಿ ಆಗಲೇ ಬಂದು ಬೂಟಿನ ದಾರ ಕಟ್ಟುತ್ತಿದ್ದರು. ನಿವೃತ್ತ ಪೋಸ್ಟ್‌ಮಾಸ್ಟರ್, ಅರವತ್ತು ದಾಟಿದ ಮನುಷ್ಯ. ಅವಳ ಮುಖ ನೋಡಿದ್ದೇ ಅವರಿಗೆ ಎಲ್ಲ ತಿಳಿಯಿತು.

"ನೋಡಮ್ಮ, ಅವರು ಪ್ರಶ್ನೆ ಕೇಳಿದ್ರೆ ಉತ್ತರ ಕೊಡು. ಭಾಷಣ ಮಾಡಿದ್ರೆ ಬಿಟ್ಟುಬಿಡು. ಬೈದ್ರೆ ಒಂದು ಸಲ ಎಚ್ಚರಿಸು. ಆಮೇಲೂ ಬಿಡಲಿಲ್ಲ ಅಂದ್ರೆ ಟೆಕ್ನಿಕಲ್ ಫೌಲ್ ಕೊಡು, ಎದುರು ತಂಡಕ್ಕೆ ಒಂದು ಎಸೆತ ಸಿಗತ್ತೆ. ಕೋಚ್‌ಗೆ ಎರಡು ಟೆಕ್ನಿಕಲ್ ಆದ್ರೆ ಅಂಕಣದಿಂದ ಆಚೆ, ಗೊತ್ತಲ್ಲ?"

"ಕೈ ಮೇಲೇಳತ್ತಾ ಅನ್ನೋದೇ ಭಯ ಸರ್."

"ಕೈ ಏಳತ್ತೆ. ಕಾಲು ನಡುಗತ್ತೆ, ಅಷ್ಟೆ."

ಪಂದ್ಯ ಶುರುವಾಯಿತು. ಹದಿನಾಲ್ಕು ವರ್ಷದೊಳಗಿನ ಹುಡುಗಿಯರು, ನೀಲಿಯವರು ಮತ್ತು ಹಳದಿಯವರು. ಮೂರನೆಯ ನಿಮಿಷಕ್ಕೇ ಗುಡುಗು ಸರ್ ಎದ್ದು ನಿಂತರು. "ಅದು ಹೇಗೆ ಟ್ರಾವೆಲಿಂಗ್ ಆಗತ್ತೆ?"

"ಚೆಂಡು ನೆಲಕ್ಕೆ ಬಡಿಯೋ ಮೊದಲೇ ಹೆಜ್ಜೆ ಜಾಸ್ತಿ ಆಯ್ತು ಸರ್," ಎಂದು ಓಡುತ್ತಲೇ ಹೇಳಿದಳು. ಅವರು ಗೊಣಗುತ್ತ ಕೂತರು. ಅವಳ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು.

ಎರಡನೆಯ ಕ್ವಾರ್ಟರ್‌ನಲ್ಲಿ ಅವಳು ನೀಲಿಯವರ ಮೇಲೆ ಫೌಲ್ ಕೊಟ್ಟಾಗ ಅವರು ಇಡೀ ಗ್ಯಾಲರಿಗೆ ಕೇಳುವಂತೆ ಕೂಗಿದರು: "ಊರಿಗೆಲ್ಲ ಕನ್ನಡಕ ಹಾಕ್ತೀರಿ, ನಿಮಗೊಂದು ಇಟ್ಕೊಳ್ಳಿ ಮೇಡಂ!"

ಪೋಷಕರೆಲ್ಲ ನಕ್ಕರು. ಹಳದಿ ಕಡೆಯವರೂ ನಕ್ಕರು. ಅವಳ ಕಿವಿ ಕಾದು ಕೆಂಪಾಯಿತು. ಆಟ ನಿಂತ ಕ್ಷಣ ನೋಡಿಕೊಂಡು ಬೆಂಚಿನ ಬಳಿ ಹೋದಳು. "ಸರ್, ಇದು ಎಚ್ಚರಿಕೆ. ಇನ್ನೊಂದು ಸಲ ಹೀಗಂದ್ರೆ ಟೆಕ್ನಿಕಲ್." ಧ್ವನಿ ತೀರಾ ತೆಳ್ಳಗೆ ಬಂತು. ಅವರು ಅವಳತ್ತ ತಿರುಗಿಯೂ ನೋಡಲಿಲ್ಲ.

ಕೊನೆಯ ಕ್ವಾರ್ಟರ್‌ನಲ್ಲಿ ಅಂಕ ಸಮಸಮವಾಗಿತ್ತು. ಹಳದಿ ಹುಡುಗಿ ಬುಟ್ಟಿಯತ್ತ ನೆಗೆದಳು. ನೀಲಿ ತಂಡದ ಎರಡು ಜಡೆಯ ಪುಟ್ಟ ಹುಡುಗಿ ಕೈ ಬೀಸಿ ಚೆಂಡನ್ನು ತಡೆದಳು. ರೆಫರಿ ಸೀಟಿ ಊದಿಬಿಟ್ಟಳು. ಊದಿದ ಮರುಕ್ಷಣವೇ ತಪ್ಪು ಗೊತ್ತಾಯಿತು. ಕೈ ತಾಗಿದ್ದು ಚೆಂಡಿಗೆ, ತೋಳಿಗಲ್ಲ. ಪೋಸ್ಟ್‌ಮಾಸ್ಟರರತ್ತ ನೋಡಿದಳು. ಅವರು ಇಲ್ಲವೆಂದು ತಲೆಯಾಡಿಸಿದರು. ಅವರಿಗೆ ಅಲ್ಲಿಂದ ಕಾಣಿಸಿರಲಿಲ್ಲ. ಕೊಟ್ಟ ಫೌಲ್ ಕೊಟ್ಟಂತೆಯೇ ಉಳಿಯಿತು.

ಗುಡುಗು ಸರ್ ಕೈಲಿದ್ದ ಪ್ಯಾಡನ್ನು ನೆಲಕ್ಕೆ ಅಪ್ಪಳಿಸಿ ಅಂಕಣದ ಒಳಗೇ ನುಗ್ಗಿದರು. "ಮೋಸ! ಮಕ್ಕಳ ಹೊಟ್ಟೆ ಉರಿಸ್ತೀರಲ್ರೀ, ನಾಚಿಕೆ ಆಗಲ್ವಾ?"

ಅವರ ಮಾತು ಪೂರ್ತಿ ಸುಳ್ಳಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ತಪ್ಪು ಮಾಡಿದವಳೇ ಶಿಕ್ಷೆ ಕೊಡುವುದು ಹೇಗೆ? ಆದರೆ ಹಿಂದೆ ಹುಡುಗಿಯರು ಆಗಲೇ ಒಬ್ಬರನ್ನೊಬ್ಬರು ಗುರಾಯಿಸುತ್ತಿದ್ದರು. ಮುರಿದ ಮಣಿಕಟ್ಟು ಕಣ್ಣಮುಂದೆ ಬಂತು. ಒಂದು ಕೈಯ ಬೆರಳ ತುದಿಯ ಮೇಲೆ ಇನ್ನೊಂದು ಅಂಗೈ ಅಡ್ಡ ಇಟ್ಟು ತೋರಿಸಿದಳು. ಟೆಕ್ನಿಕಲ್.

ಗುಡುಗು ಸರ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಅಷ್ಟರಲ್ಲಿ ನೀಲಿ ತಂಡದ ನಾಯಕಿ ಓಡಿ ಬಂದು ಅವಳ ಕಿವಿಯ ಹತ್ತಿರ ಹೇಳಿದಳು: "ಮೇಡಂ, ಸರ್‌ನ ಆಚೆ ಕಳಿಸ್ಬೇಡಿ ಪ್ಲೀಸ್. ನಮ್ಮ ಜೊತೆ ಬಂದಿರೋ ದೊಡ್ಡೋರು ಅವರೊಬ್ರೇ."

ರೆಫರಿ ಕೋಚ್ ಎದುರಿಗೆ ಹೋಗಿ ದನಿ ತಗ್ಗಿಸಿದಳು. "ಸರ್, ಆ ಫೌಲ್ ನನ್ನ ತಪ್ಪು, ಒಪ್ಕೋತೀನಿ. ಟೆಕ್ನಿಕಲ್ ಮಾತ್ರ ತಪ್ಪಲ್ಲ. ಇನ್ನೊಂದು ಮಾತಾಡಿದ್ರೆ ನೀವು ಹೋಗ್ಬೇಕಾಗತ್ತೆ, ಇವರು ಒಂಟಿ ಆಗ್ತಾರೆ. ದಯವಿಟ್ಟು ಕೂತ್ಕೊಳ್ಳಿ."

ಅವರು ಬಾಯಿ ತೆರೆದರು. ಬೆಂಚಿನತ್ತ ನೋಡಿದರು. ಅಲ್ಲಿದ್ದವರೆಲ್ಲ ತಲೆ ತಗ್ಗಿಸಿದ್ದರು. ಪ್ಯಾಡ್ ಎತ್ತಿಕೊಂಡು ಹೋಗಿ ಕೂತರು.

ಹಳದಿಯವರಿಗೆ ಟೆಕ್ನಿಕಲ್ಲಿನ ಒಂದು ಎಸೆತ ಮೊದಲು. ಚೆಂಡು ಬುಟ್ಟಿಯೊಳಗೆ ಬಿತ್ತು. ಆಮೇಲೆ ಫೌಲ್‌ಗೆ ಸಿಕ್ಕ ಎರಡು ಎಸೆತಗಳಲ್ಲಿ ಒಂದೂ ಬೀಳಲಿಲ್ಲ. ಉಳಿದ ಎರಡು ನಿಮಿಷ ಯಾರೂ ಅಂಕ ಗಳಿಸಲಿಲ್ಲ, ಗುಡುಗು ಸರ್ ಬೆಂಚಿನಿಂದ ಏಳಲೂ ಇಲ್ಲ. ನೀಲಿ ತಂಡ ಒಂದೇ ಅಂಕದಿಂದ ಸೋತಿತು.

ರೆಫರಿಗಳು ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಯಾರೋ ಬಡಿದಾಗ ಅವಳು ಸಂಘಕ್ಕೆ ಕೊಡಬೇಕಾದ ಪಂದ್ಯದ ವರದಿ ಬರೆಯುತ್ತಿದ್ದಳು. ಪೋಸ್ಟ್‌ಮಾಸ್ಟರ್ ಅಲ್ಲಿರಲಿಲ್ಲ. ಬಾಗಿಲಲ್ಲಿ ಗುಡುಗು ಸರ್ ನಿಂತಿದ್ದರು. ಅವಳು ಕುರ್ಚಿಯಿಂದ ಎದ್ದಳು.

"ಫೌಲ್ ತಪ್ಪು ಅಂದ್ರಲ್ಲ, ಅದನ್ನ ಆ ಹುಡುಗಿ ಮುಂದೆ ಹೇಳ್ತೀರಾ? ತನ್ನಿಂದಲೇ ಸೋತ್ವಿ ಅಂತ ಅಳು ನಿಲ್ಲಿಸ್ತಿಲ್ಲ," ಎಂದರು.

ಎರಡು ಜಡೆಯ ಹುಡುಗಿ ಮೆಟ್ಟಿಲ ಮೇಲೆ ಮುಖ ಮುಚ್ಚಿ ಕೂತಿದ್ದಳು. ರೆಫರಿ ಅವಳ ಪಕ್ಕ ಕೂತಳು.

"ನಿನ್ನ ಕೈ ಚೆಂಡಿಗೇ ತಾಗಿದ್ದು ಪುಟ್ಟಿ. ಚೆನ್ನಾಗಿ ತಡೆದೆ. ತಪ್ಪಾಗಿ ಊದಿದ್ದು ನಾನು."

ಹುಡುಗಿ ಮೂಗೆಳೆದುಕೊಂಡು ತಲೆಯೆತ್ತಿದಳು. "ಹಾಗಾದ್ರೆ ನಾವು ಗೆದ್ದ ಹಾಗಾ?"

"ಇಲ್ಲ ಕಂದ."

"ಮತ್ತೆ ಆ ಒಂದು ಪಾಯಿಂಟು?"

ಗುಡುಗು ಸರ್ ಎರಡು ಮೆಟ್ಟಿಲು ಕೆಳಗೆ ನಿಂತಿದ್ದರು. "ಅದು ನನ್ನ ಬಾಯಿಂದ ಹೋಗಿದ್ದು," ಎಂದರು. "ಏಳು, ಬ್ಯಾಗ್ ತಗೋ."

ಹುಡುಗಿ ಹೋದ ಮೇಲೆ ಅವರು ರೆಫರಿಯತ್ತ ತಿರುಗಿದರು. "ವರದಿಯಲ್ಲಿ ನನ್ನ ಹೆಸರು ಬರೀತೀರಾ?"

"ಬರೀಲೇಬೇಕು ಸರ್. ನನ್ನ ತಪ್ಪೂ ಬರೀತೀನಿ."

"ಬರೀರಿ," ಎಂದು ಹುಡುಗಿಯರ ಹಿಂದೆ ಹೊರಟುಹೋದರು.

ಅವಳು ಕೋಣೆಗೆ ಮರಳಿ ಎರಡನ್ನೂ ಬರೆದಳು. ಸಂಘದವರು ಮುಂದೆ ತನಗೆ ಪಂದ್ಯ ಕೊಡುತ್ತಾರೋ ಇಲ್ಲವೋ ಎಂಬ ದಿಗಿಲು ಹಾಗೇ ಇತ್ತು. ಆದರೂ ಕೆಳಗೆ ಸಹಿ ಹಾಕಿ, ಹಾಳೆ ಮಡಿಸಿ, ಮೇಜಿನ ಮೇಲಿಟ್ಟು ಮನೆಗೆ ನಡೆದಳು.