ದಾನಮ್ಮನ ಕೊರಳಲ್ಲಿ ನಾನು

ನಾನು ಒಂದು ಮಾವಿನ ಹಲಗೆ. ಎರಡು ಅಂಗೈ ಜೋಡಿಸಿದಷ್ಟು ಅಗಲ, ಅದಕ್ಕಿಂತ ತುಸು ಉದ್ದ. ಬೆಟಗೇರಿಯ ಬಡಿಗೇರ ಮೌನೇಶಪ್ಪ ಒಂದು ಇಂಗ್ಲಿಷ್ ಮಾಧ್ಯಮದ ಹೈಸ್ಕೂಲಿಗೆ ಬೆಂಚು ಮಾಡಿಕೊಡುವಾಗ ಉಳಿದ ತುಂಡು ನಾನು. ನನ್ನ ಅಣ್ಣತಮ್ಮಂದಿರೆಲ್ಲ ಬೆಂಚಾಗಿ ಮಕ್ಕಳನ್ನು ಕೂರಿಸಿಕೊಂಡರು. ಮೌನೇಶಪ್ಪ ನನ್ನನ್ನೂ ಎಸೆಯದೆ, ಉಜ್ಜಿ ನುಣ್ಣಗೆ ಮಾಡಿ, "ಯಾದಕ್ಕರ ಬರ್ತೈತಿ, ಇಟ್ಕೋರಿ" ಎಂದು ಶಾಲೆಯವರ ಕೈಗಿಟ್ಟ. ಯಾವುದಕ್ಕೆ ಎಂದು ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನನ್ನನ್ನಂತೂ ಯಾರೂ ಕೇಳಲಿಲ್ಲ. ಕೇಳಿದ್ದರೆ ಒಲೆಗೆ ಹಾಕಿ ಎನ್ನುತ್ತಿದ್ದೆ.

ಹಾಗೆ ನನ್ನ ಯಜಮಾನರಾದವರು ಕಲ್ಮಠ ಸರ್. ಒಂಬತ್ತನೆಯ ತರಗತಿಗೆ ಇಂಗ್ಲಿಷ್ ಸಾಹಿತ್ಯ ಕಲಿಸುತ್ತಿದ್ದರು. ದೊಡ್ಡ ದೊಡ್ಡ ಇಂಗ್ಲಿಷ್ ಪದಗಳೆಂದರೆ ಅವರಿಗೆ ಪ್ರಾಣ. ಸಣ್ಣ ಪದದಲ್ಲಿ ಮುಗಿಯುವ ಮಾತನ್ನು ಸಣ್ಣ ಪದದಲ್ಲೇ ಮುಗಿಸಿದರೆ ಮರ್ಯಾದೆ ಹೋಗುತ್ತದೆ ಎಂದು ನಂಬಿದ್ದರು. ಅವರು ಕೆಟ್ಟವರಲ್ಲ, ನನ್ನ ಸಿಟ್ಟಿನಲ್ಲೂ ಅದನ್ನು ಹೇಳಲೇಬೇಕು. ಕನ್ನಡ ಶಾಲೆಯಲ್ಲಿ ಓದಿ ಕಾಲೇಜಿಗೆ ಹೋದಾಗ ಅಲ್ಲಿನವರು ಅವರ ಇಂಗ್ಲಿಷ್ ಕೇಳಿ ನಕ್ಕಿದ್ದರಂತೆ. ತಮ್ಮ ವಿದ್ಯಾರ್ಥಿಗಳನ್ನು ನೋಡಿ ಯಾರೂ ನಗಬಾರದು ಎಂಬ ಹಟ ಅವರದು. ಸರಿ, ಹಟ ಇರಲಿ. ಆದರೆ ನಗುವ ಕೆಲಸವನ್ನು ತರಗತಿಯೊಳಗೇ ಮಾಡಿಸಿದರೆ ಹೇಗೆ?

ಅವರು ನನಗೆ ಕೆಂಪು ಬಣ್ಣ ಬಳಿದರು. ಸುತ್ತ ಚಿನ್ನದ ಬಣ್ಣದ ಅಂಚು. ನಡುವೆ ಬಿಳಿ ಅಕ್ಷರದಲ್ಲಿ, ಅಂದವಾಗಿ, "ಐ ಡೋಂಟ್ ನೋ ಮೈ ವರ್ಡ್ಸ್" ಎಂದು ಇಂಗ್ಲಿಷಿನಲ್ಲಿ ಬರೆದರು. ಅಂದರೆ, ನನಗೆ ನನ್ನ ಪದಗಳು ಗೊತ್ತಿಲ್ಲ. ಆಟೋಟದ ಪದಕಗಳಿಗೆ ತಂದು ಉಳಿದಿದ್ದ ಹೊಳೆಯುವ ರಿಬ್ಬನ್ನನ್ನು ನನ್ನ ತಲೆಗೆ ತೂತು ಕೊರೆದು ಪೋಣಿಸಿದರು. ನೋಡಲು ನಾನು ಚೆಂದವೇ ಆದೆ. ಆ ಚೆಂದವೇ ಮುಂದೆ ಎಂಥ ಅನಾಹುತ ಮಾಡಿತು ಎಂದು ಹೇಳುತ್ತೇನೆ.

ನನ್ನ ಕೆಲಸ ಹೀಗಿತ್ತು. ದಿನವೂ ಪಾಠದೊಳಗಿನ ಕಠಿಣ ಪದಗಳು ಕರಿಹಲಗೆಯ ಮೇಲೆ ಬರುತ್ತಿದ್ದವು, ಪಕ್ಕದಲ್ಲಿ ಅದೇ ಅರ್ಥದ ಇನ್ನಷ್ಟು ಕಠಿಣ ಪದಗಳು. ಮರುದಿನ ಕೇಳಿದಾಗ ಹೇಳಲಾಗದವರ ಕೊರಳಿಗೆ ನಾನು. ನನ್ನನ್ನು ಕಳಚಬೇಕಾದರೆ ಒಂದೇ ದಾರಿ: ಗೆಳೆಯನನ್ನೋ ಗೆಳತಿಯನ್ನೋ ಹಿಡಿದು ಅವರಿಗೆ ಗೊತ್ತಿಲ್ಲದ ಪದ ಕೇಳಬೇಕು. ಅವರು ತಡವರಿಸಿದರೆ ನಾನು ಅವರ ಪಾಲು. ಕೊನೆಯ ಗಂಟೆ ಹೊಡೆದಾಗ ಯಾರ ಕೊರಳಲ್ಲಿ ಇರುತ್ತೇನೋ ಅವರು ನನ್ನನ್ನು ಮನೆಗೆ ಒಯ್ದು ಮರುದಿನ ತರಬೇಕು.

ಇದರಿಂದ ಮಕ್ಕಳು ಪದ ಕಲಿತರೇ? ಕಲಿತರು, ಇಲ್ಲವೆನ್ನುವುದಿಲ್ಲ. ಒಬ್ಬರ ಮೇಲೊಬ್ಬರು ಎಸೆಯಲು ಕಲಿತರು. ನಲ್ಲಿಯ ಹತ್ತಿರ ನೀರು ಕುಡಿಯುತ್ತಿದ್ದವನ ಬೆನ್ನು ತಟ್ಟಿ ಪದ ಕೇಳುವುದು, ರೊಟ್ಟಿ ಬಾಯಲ್ಲಿಟ್ಟವಳ ಎದುರು ನಿಂತು ಕೇಳುವುದು. ಪ್ರೀತಮ್ ಶೆಟ್ಟರ ಎಂಬ ಹುಡುಗನಂತೂ ಯಾವ ಪಾಠದಲ್ಲೂ ಇಲ್ಲದ ಪದಗಳನ್ನು ದಪ್ಪ ನಿಘಂಟಿನಿಂದ ಹೆಕ್ಕಿ ತರುತ್ತಿದ್ದ. "ಲುಗೂಬ್ರಿಯಸ್ ಅಂದ್ರ ಏನ ಹೇಳಲೇ" ಎಂದರೆ ಎದುರಿನವರು ಮುಗಿದರು. ಆ ಪದವನ್ನು ಯಾವ ಮಾತಿನಲ್ಲಿ ಬಳಸಬೇಕು ಎಂದು ಅವನನ್ನು ಕೇಳಿದ್ದರೆ ಅವನೂ ಮುಗಿಯುತ್ತಿದ್ದ. ಯಾರೂ ಕೇಳಲಿಲ್ಲ.

ಒಂದು ವರ್ಷ ದಾನಮ್ಮ ಹೂಗಾರ ತರಗತಿಗೆ ಬಂದಳು. ಎಂಟರವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಅವಳ ಅಪ್ಪ ಶಿವಪುತ್ರಪ್ಪನಿಗೆ ಬಸ್ ನಿಲ್ದಾಣದ ಹತ್ತಿರ ಹೂವಿನಂಗಡಿ. ಆತ ಹೆಡ್‌ಮಾಸ್ಟರರ ಮುಂದೆ ಕೈಮುಗಿದು ನಿಂತು ಮಗಳಿಗೆ ಸೀಟು ಪಡೆದಿದ್ದ. ಅರ್ಧವಾರ್ಷಿಕದಲ್ಲಿ ಇಂಗ್ಲಿಷಿನಲ್ಲಿ ಪಾಸಾಗದಿದ್ದರೆ ಹಳೆಯ ಶಾಲೆಗೇ ವಾಪಸ್ ಎಂದು ಹೆಡ್‌ಮಾಸ್ಟರರು ಷರತ್ತು ಹಾಕಿದ್ದರು. ಹುಡುಗಿಗೆ ಆ ಭಯ ಎದೆಯಲ್ಲೇ ಇತ್ತು. ಅವಳ ಕೊರಳಲ್ಲಿ ನೇತಾಡಿದವನು ನಾನು, ಆ ಎದೆಯ ಬಡಿತ ನನಗೆ ಗೊತ್ತು.

ಆಗ ನಡೆಯುತ್ತಿದ್ದ ಪಾಠ ಒಂದು ಕಥೆ. ಸಮುದ್ರದ ದಡದಲ್ಲಿ ಒಬ್ಬ ಮುದುಕಿ ಮಗನ ದೋಣಿಗಾಗಿ ಕಾಯುತ್ತ ಕೂತಿರುತ್ತಾಳೆ. ಅಷ್ಟನ್ನು ನಾನು ಕೇಳಿ ಕೇಳಿ ಹೊಂದಿಸಿಕೊಂಡೆ. ತರಗತಿಯಲ್ಲಿ ಮುದುಕಿಯ ಸುದ್ದಿಯೇ ಇರಲಿಲ್ಲ. ಬರೀ ಅವಳ ದುಃಖದ ಪದಗಳು: ಫೋರ್ಲಾರ್ನ್, ಡೆಸೊಲೇಟ್, ಮೆಲಂಕಲಿ. ಮಕ್ಕಳು ಅವನ್ನೆಲ್ಲ ಮಗ್ಗಿಯಂತೆ ಒಪ್ಪಿಸುತ್ತಿದ್ದರು. ಒಂದು ದಿನ ದಾನಮ್ಮ ಎದ್ದು ನಿಂತಳು.

"ಸರ, ಆಕಿ ಮಗ ಬಂದ್ನೇನ್ರಿ?"

ತರಗತಿ ಗೊಳ್ಳೆಂದು ನಕ್ಕಿತು. ಕಲ್ಮಠ ಸರ್ ಕನ್ನಡ ಕೇಳಿದ್ದಕ್ಕೆ ಹುಬ್ಬು ಗಂಟಿಕ್ಕಿ, ತಾವು ಇಂಗ್ಲಿಷಿನಲ್ಲೇ, "ಅದು ಇರಲಿ. ಫೋರ್ಲಾರ್ನ್ ಅಂದರೇನು ಹೇಳು" ಎಂದರು. ಹುಡುಗಿ ಸ್ವಲ್ಪ ಯೋಚಿಸಿದಳು. "ಆಕಿ ಕುಂತಾಳಲ್ರಿ ದಂಡಿಮ್ಯಾಲೆ, ತನಗ ಯಾರೂ ಇಲ್ಲದಂಗ. ಹಂಗ ಇರೂದು" ಎಂದಳು. ಸರ್ ತಲೆಯಾಡಿಸಿ, "ಇನ್ ಇಂಗ್ಲಿಷ್" ಎಂದರು. ಅವಳು "ಶೀ... ಶೀ..." ಎಂದಳು, ಮುಂದಿನ ಪದ ಸಿಗಲಿಲ್ಲ. ನನ್ನನ್ನು ತೆಗೆದು ಅವಳ ಕೊರಳಿಗೆ ಹಾಕಿದರು.

ನನಗೆ ಮೈಯೆಲ್ಲ ಉರಿಯಿತು. ಹೇಳಿದಳಲ್ಲ! ಇಡೀ ತರಗತಿಯಲ್ಲಿ ಆ ಪದದ ಒಳಗೆ ಇಳಿದು ನೋಡಿದವಳು ಅವಳೊಬ್ಬಳೇ. ಅವಳ ಎದೆಯ ಮೇಲೆ ಕೂತು ಇವಳಿಗೆ ಪದ ಗೊತ್ತಿಲ್ಲ ಎಂದು ಸುಳ್ಳು ಹೇಳುವ ಕರ್ಮ ನನ್ನದು. ಮಧ್ಯಾಹ್ನವೆಲ್ಲ ಅವಳು ನನ್ನನ್ನು ದಾಟಿಸಲು ಹೆಣಗಾಡಿದಳು. ತನಗೆ ಗೊತ್ತಿದ್ದ ಪದಗಳನ್ನು ಕೇಳಿದಳು. ಅವು ಎಲ್ಲರಿಗೂ ಗೊತ್ತಿದ್ದವು. ಕೊನೆಯ ಗಂಟೆ ಹೊಡೆಯಿತು. ನಾನು ಅವಳ ಜೊತೆ ಮನೆಗೆ ಹೊರಟೆ.

ಮನೆಗೆ ಹೋಗುವ ದಾರಿಯಲ್ಲೇ ಅಂಗಡಿ. ಅವಳು ನನ್ನನ್ನು ಚೀಲದೊಳಗೆ ತುರುಕಿದ್ದಳು, ರಿಬ್ಬನ್ನು ಹೊರಗೆ ಇಣುಕಿತ್ತು. ಶಿವಪುತ್ರಪ್ಪ ಅದನ್ನು ಹಿಡಿದು ನನ್ನನ್ನು ಎಳೆದ. ಕೆಂಪು ಬಣ್ಣ, ಚಿನ್ನದ ಅಂಚು, ಪದಕದ ರಿಬ್ಬನ್ನು, ನಡುವೆ ಇಂಗ್ಲಿಷು. ಆತನಿಗೆ ಇಂಗ್ಲಿಷ್ ಓದಲು ಬಾರದು. ಆದರೆ ಇಂಥದ್ದನ್ನು ಕೊರಳಿಗೆ ಹಾಕಿದರೆ ಅದು ಸನ್ಮಾನ ಎಂದು ಹೂವು ಕಟ್ಟುವವನಿಗೆ ಬೇರೆ ಹೇಳಬೇಕೆ? ಆತ ದಿನವೂ ಮಾಡುತ್ತಿದ್ದದ್ದು ಕೊರಳಿಗೆ ಹಾಕುವ ಮಾಲೆಯನ್ನೇ.

"ನಮ್ಮ ದಾನವ್ವಗ ಸಾಲ್ಯಾಗ ಬಿರುದು ಕೊಟ್ಟಾರ ನೋಡ್ರಿ! ಇಂಗ್ಲಿಷ್‌ನ್ಯಾಗ ಬರದೈತಿ!"

"ಅಪ್ಪಾ, ಅದು..." ಎಂದಳು ದಾನಮ್ಮ. ಅಪ್ಪ ಕೇಳಲೇ ಇಲ್ಲ. ಗಿರಾಕಿಗೆ ಕಟ್ಟಿದ್ದ ಸೇವಂತಿಗೆ ಮಾಲೆಯನ್ನೇ ನನಗೆ ಹಾಕಿ, ಅಂಗಡಿಯ ಮುಂದೆ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದ. ಎದುರಿನ ಚಹಾದಂಗಡಿಯವನು ಬಂದು ನೋಡಿದ, ಬಳೆ ಮಾರುವವಳು ಬಂದು ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕೊನೆಗೆ ಓದು ಬಲ್ಲ ಗಿರಾಕಿಯೊಬ್ಬರು ಬಂದರು. ನನ್ನನ್ನು ಓದಿದರು, ಹುಡುಗಿಯ ಮುಖ ನೋಡಿದರು, "ಛಲೋ ಆತಳಪ್ಪ" ಎಂದು ಹೂವು ಕಟ್ಟಿಸಿಕೊಂಡು ಹೋದರು. ಆ ಮಾಲೆಯ ಕೆಳಗೆ ನಾನು ನಾಚಿಕೆಯಿಂದ ಸತ್ತೇಹೋದೆ. ದಾನಮ್ಮ ಅಂಗಡಿಯ ಹಿಂದೆ ಕೂತು ಹೂವಿನ ತೊಟ್ಟು ಬಿಡಿಸುತ್ತಿದ್ದಳು.

ಮರುದಿನ ಶಿವಪುತ್ರಪ್ಪ ಒಗೆದ ಧೋತರ ಉಟ್ಟು ತಾನೇ ಶಾಲೆಗೆ ಬಂದ. ಒಂದು ಕೈಯಲ್ಲಿ ಮಾಲೆ ಹಾಕಿದ ನಾನು, ಇನ್ನೊಂದು ಕೈಯಲ್ಲಿ ಸರ್‌ಗೆಂದು ಕಟ್ಟಿದ ಗುಲಾಬಿ ಮಾಲೆ. ತರಗತಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಮಗಳು ಅಪ್ಪನ ಹಿಂದೆ ನಿಂತಳು.

"ನನ್ನ ಮಗಳಿಗೆ ಇಷ್ಟ ದೊಡ್ಡ ಮರ್ಯಾದಿ ಕೊಟ್ರಿ ಸರ. ನನಗ ಓದಾಕ ಬರಂಗಿಲ್ಲ. ಏನ ಬರದೀರಿ, ನಿಮ್ಮ ಬಾಯಾಗ ಒಮ್ಮೆ ಕೇಳ್ಬೇಕಂತ ಬಂದೀನ್ರಿ."

ನಗಲು ಕಲಿತಿದ್ದ ತರಗತಿಯಲ್ಲಿ ಯಾರೂ ನಗಲಿಲ್ಲ. ಪ್ರೀತಮ್ ಕೂಡ ಡೆಸ್ಕಿನ ಮೇಲೆ ಕಣ್ಣು ನೆಟ್ಟ. ಕಲ್ಮಠ ಸರ್ ಕೈಯಲ್ಲಿದ್ದ ಪುಸ್ತಕ ಮಡಚಿದರು. ಅಷ್ಟೊಂದು ಪದಗಳಿದ್ದವಲ್ಲ ಅವರ ಹತ್ತಿರ! ಒಂದಾದರೂ ಸಹಾಯಕ್ಕೆ ಬರಬಾರದೇ? ಬರಲಿಲ್ಲ.

ದಾನಮ್ಮ ಮುಂದೆ ಬಂದಳು. "ಅಪ್ಪಾ, ಅದು ಬಿರುದಲ್ಲ. 'ನನಗ ನನ್ನ ಶಬ್ದ ಗೊತ್ತಿಲ್ಲ' ಅಂತ ಬರದಾರ. ಹೇಳಾಕ ಬರದಿದ್ರ ಕೊಳ್ಳಾಗ ಹಾಕ್ತಾರ" ಎಂದಳು.

ಶಿವಪುತ್ರಪ್ಪ ನನ್ನನ್ನು ತಿರುಗಿಸಿ ನೋಡಿದ. ಮಗಳನ್ನು ನೋಡಿದ. ಆಮೇಲೆ ನನ್ನ ಮೇಲಿನ ಸೇವಂತಿಗೆಯನ್ನು, ಒಂದು ಎಸಳೂ ಉದುರದ ಹಾಗೆ, ತೆಗೆದು ಹೆಗಲಿಗೆ ಹಾಕಿಕೊಂಡ. ದನಿ ಏರಿಸಲಿಲ್ಲ.

"ಶಬ್ದ ಗೊತ್ತಿಲ್ಲಂತನ ಸಾಲಿಗೆ ಕಳಸೇನ್ರಿ ಸರ. ಗೊತ್ತಿದ್ರ ಯಾಕ ಕಳಸ್ತಿದ್ದೆ?"

ನನ್ನನ್ನೂ ಗುಲಾಬಿ ಮಾಲೆಯನ್ನೂ ಮೇಜಿನ ಮೇಲಿಟ್ಟ. ಮಾಲೆ ತೋರಿಸಿ, "ನಿಮಗಂತ ತಂದಿದ್ದೆ, ಇರ್ಲಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಸರ್ ನನ್ನನ್ನು ಡ್ರಾಯರಿಗೆ ಹಾಕಿ ಮುಚ್ಚಿದರು. ಒಳಗಿದ್ದ ನನಗೆ ಅವರ ದನಿ ಕೇಳಿತು. ಮೊದಲ ಸಲ ಅವರು ಆ ಮುದುಕಿಯ ಕಥೆಯನ್ನು ಹೇಳುತ್ತಿದ್ದರು, ಅದೂ ಕನ್ನಡದಲ್ಲಿ. ದೋಣಿ, ಗಾಳಿ, ದಡ, ಅವಳ ಹರಿದ ಶಾಲು. ಮಗ ಬಂದನೋ ಇಲ್ಲವೋ ಪುಸ್ತಕದಲ್ಲಿ ಇಲ್ಲ ಎಂದರು. "ನಿನಗೆ ಏನನ್ನಿಸುತ್ತದೆ ದಾನಮ್ಮ?" ಎಂದು ಕೇಳಿದರು.

ಅವಳು ಎದ್ದು ಇಂಗ್ಲಿಷಿನಲ್ಲೇ ಹೇಳಿದಳು. "ನಾಟ್ ಕಮಿಂಗ್ ಸರ್. ಬಟ್ ಶೀ ಈಸ್ ಸಿಟಿಂಗ್."

"ಅದೇ ಫೋರ್ಲಾರ್ನ್" ಎಂದರು ಸರ್.

ಅರ್ಧವಾರ್ಷಿಕದಲ್ಲಿ ದಾನಮ್ಮ ಪಾಸಾದಳು, ಆ ಶಾಲೆಯಲ್ಲೇ ಉಳಿದಳು. ನಾನು ಮತ್ತೆ ಯಾರ ಕೊರಳಿಗೂ ಬೀಳಲಿಲ್ಲ. ಸರಿಹೋಯಿತಲ್ಲ ಎನ್ನುತ್ತೀರಾ? ನನ್ನ ಸಿಟ್ಟು ಹೋಗಿಲ್ಲ. ಆ ಹುಡುಗಿಗೆ, ಅವಳ ಅಪ್ಪನಿಗೆ, ತಪ್ಪಾಯಿತು ಎಂಬ ಮಾತನ್ನು ಸರ್ ಕನ್ನಡದಲ್ಲೂ ಹೇಳಲಿಲ್ಲ, ಇಂಗ್ಲಿಷಿನಲ್ಲೂ ಹೇಳಲಿಲ್ಲ. ನಿವೃತ್ತರಾದ ದಿನ ಡ್ರಾಯರು ಖಾಲಿ ಮಾಡುವಾಗ ನನ್ನನ್ನು ಕೈಯಲ್ಲಿ ಹಿಡಿದು ನಿಂತರು, ಹೆಬ್ಬೆರಳಿನಿಂದ ಆ ಬಿಳಿ ಅಕ್ಷರಗಳನ್ನು ಉಜ್ಜಿ ನೋಡಿದರು. ಹೋಗಲಿಲ್ಲ. ಒಳ್ಳೆಯ ಬಣ್ಣ ಹಾಕಿದ್ದರು ಪುಣ್ಯಾತ್ಮರು.

ಈಗ ನಾನು ಸಾಮಾನಿನ ಕೋಣೆಯಲ್ಲಿ, ಕಾಲು ಮುರಿದ ಬೆಂಚುಗಳ ಹಿಂದೆ ಬಿದ್ದಿದ್ದೇನೆ. ಇತ್ತೀಚೆಗೆ ಗೆದ್ದಲು ಹತ್ತಿದೆ. ನನಗೆ ಬೇಸರವೇನಿಲ್ಲ. ಬೆನ್ನಿನಿಂದ ಶುರುಮಾಡಿವೆ, ಅದೊಂದೇ ಕೊರಗು. ಬನ್ನಿ, ಮೊದಲು ಮುಂದಿನ ಮೈಗೆ ಬನ್ನಿ, ಆ ಅಕ್ಷರ ತಿನ್ನಿ ಎಂದು ಅವನ್ನು ದಿನವೂ ಬೇಡಿಕೊಳ್ಳುತ್ತಿದ್ದೇನೆ.