ಬಿರುಕು ಬಿಡದ ಆಸ್ಪತ್ರೆ, ಮುರಿದ ಪೈಪು

ನಮ್ಮಪ್ಪ ಆಸ್ಪತ್ರೆಯಲ್ಲಿ ನಲ್ಲಿ ರಿಪೇರಿ ಮಾಡುತ್ತಿದ್ದವರು. ನಿವೃತ್ತರಾಗಿ ಹತ್ತು ವರ್ಷವಾದರೂ ಹಳೇ ಸ್ಪ್ಯಾನರ್ ಮಂಚದ ಪಕ್ಕದಲ್ಲೇ ಇರಬೇಕು. ಸಂಜೆ ಚಹಾ ಹಿಡಿದು ಕೂತರೆ ಭೂಕಂಪದ ದಿನದ ಕಥೆ ಶುರು. ಫಿನಾಯಿಲ್ ವಾಸನೆಯ ಉದ್ದ ವರಾಂಡ, ಗದರುತ್ತಲೇ ಊಟ ಕೊಡುತ್ತಿದ್ದ ಮೇಟ್ರನ್ನಮ್ಮ, ಎಲ್ಲ ಬರುತ್ತಾರೆ. ಕೊನೆಗೆ ನಾನು ಜೀಪಿನಲ್ಲಿ ಹುಟ್ಟುತ್ತೇನೆ. ಮನೆಮಂದಿಗೆಲ್ಲ ನಾನು ಜೀಪುರಾಣಿ. ನನಗೂ ಆ ಕಥೆ ಅಂದರೆ ಪ್ರಾಣ.

ಮೊನ್ನೆ ಅದೇ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಪಕ್ಕದ ಮನೆ ನರ್ಸಕ್ಕ ಒಂದು ಫಾರಂ ಹಿಡಿದು ಬಂದರು. ಭೂಕಂಪವಾದ ಮೇಲೆ ಆಸ್ಪತ್ರೆ ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತದೆಂದು ಅಳೆಯುತ್ತಿದ್ದಾರಂತೆ; ಹಿಂದಿನ ಸಲ ಏನಾಗಿತ್ತೆಂದು ಹಳಬರನ್ನು ಕೇಳಬೇಕಂತೆ.

“ಅಳೆಯೋಕೇನಿದೆಯಮ್ಮ? ಒಂದು ಬಿರುಕೂ ಬಿಡ್ಲಿಲ್ಲ. ‘ಹಾನಿ ಇಲ್ಲ’ ಅಂತ ನಾನೇ ಬರ್ಕೊಟ್ಟಿದ್ದೆ. ನೂರಕ್ಕೆ ನೂರು ಹಾಕ್ಕೋ,” ಅಂದರು ಅಪ್ಪ, ಎದೆಯುಬ್ಬಿಸಿ.

“ಬರೀ ಗೋಡೆಗೆ ಮಾರ್ಕ್ಸ್ ಇಲ್ಲ ಅಂಕಲ್. ನೀರು ಬರ್ತಿತ್ತಾ? ಕರೆಂಟು? ಆಪರೇಷನ್ ನಡೀತಾ?”

ಅಡುಗೆಮನೆಯಿಂದ ಅಮ್ಮನ ದನಿ ಬಂತು. “ನೂರಕ್ಕೆ ನೂರಾಗಿದ್ರೆ ನನ್ನನ್ಯಾಕ್ರೀ ಜೀಪಿಗೆ ಹಾಕ್ಕೊಂಡು ಹೋದ್ರಿ?”

ಅಪ್ಪ ಲೋಟ ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು. ಟ್ಯಾಂಕಿನ ಕಬ್ಬಿಣದ ಪೈಪು ಅಲುಗಾಟ ತಡೆಯದೆ ಮುರಿದಿತ್ತು. ನೀರಿಲ್ಲದೆ ಆಪರೇಷನ್ ಕೋಣೆಗೆ ಬೀಗ ಬಿತ್ತು. ಹೆರಿಗೆಗೆ ಆಪರೇಷನ್ ಬೇಕಾಗಬಹುದೆಂದು ಡಾಕ್ಟರು ಹೇಳಿದ್ದ ಅಮ್ಮನನ್ನು ನಾಲ್ಕು ಗಂಟೆ ದೂರಕ್ಕೆ ಸಾಗಿಸಿದರು. ದಾರಿಯಲ್ಲೇ ನಾನು ಹುಟ್ಟಿದೆ. ಎರಡು ದಿನ ಅಮ್ಮನಿಗೆ ಎಚ್ಚರವೇ ಇರಲಿಲ್ಲ. ಇದನ್ನು ಅಪ್ಪ ಯಾವತ್ತೂ ಹೇಳಿರಲಿಲ್ಲ.

ನಾನೀಗ ಎಂಟು ತಿಂಗಳ ಬಸುರಿ. ಹೆರಿಗೆ ಅದೇ ಆಸ್ಪತ್ರೆಯಲ್ಲಿ.

“ಆ ಪೈಪು ಈಗ ಹೇಗಿದೆ ಅಪ್ಪ?”

“ಅದೇ ಇದೆ ಮಗಳೇ. ನಾನೇ ಬೆಸುಗೆ ಹಾಕಿಸಿದ್ದು. ಹಾನಿ ಅಂತ ಬರೆದ್ರೆ ನಮ್ಮ ಆಸ್ಪತ್ರೆಗೆ ಕೆಟ್ಟ ಹೆಸರು ಬರುತ್ತೆ ಅಂದ್ಕೊಂಡೆ.” ಅವರ ಕಣ್ಣು ತುಂಬಿತ್ತು. “ಪೆನ್ನು ಕೊಡಮ್ಮ,” ಎಂದು ತಾವೇ ಬರೆದರು: ನೀರು, ಆರು ದಿನ ಇಲ್ಲ. ಆಪರೇಷನ್, ಆರು ದಿನ ಬಂದ್.

ಅದನ್ನು ಓದಿದ ಮೇಲೆ ಆಸ್ಪತ್ರೆಯವರು ಅಲುಗಿದರೆ ಬಾಗುವ ಪೈಪು ಜೋಡಿಸಿದರು. ಜನರೇಟರನ್ನು ನೆಲಕ್ಕೆ ಬಿಗಿದರು. ಅಪ್ಪ ಸ್ಪ್ಯಾನರ್ ಹಿಡಿದು ಟ್ಯಾಂಕಿನ ಕೆಳಗೆ ನಿಂತು, ಹಳೇ ದಿನಗಳ ಹಾಗೆ ಎಲ್ಲರನ್ನೂ ಗದರುತ್ತಿದ್ದರು.

ನೀವೂ ನಿಮ್ಮ ಆಸ್ಪತ್ರೆಗೆ ಹೋಗಿ ಕೇಳಿ: ನೆಲ ನಡುಗಿದ ಮೇಲೆ ಇಲ್ಲಿ ನೀರು, ಕರೆಂಟು, ಆಕ್ಸಿಜನ್ ಎಷ್ಟು ಹೊತ್ತು ಇರುತ್ತೆ? ಹಳಬರಿದ್ದರೆ, ನಡೆದದ್ದನ್ನು ಮುಚ್ಚಿಡದೆ ಬರೆಸಿ. ನಮ್ಮ ಮನೆಗೆ ಒಬ್ಬಳು ಜೀಪುರಾಣಿ ಸಾಕು.