ಕೂಮ ತಂದ ರಿಸೀವರ್

ಸ್ಲಾವಾ ಹಬ್ಬದ ದಿನ ಮನೆಯ ಯಜಮಾನ ಕೂರುವಂತಿಲ್ಲ. ಮನೆದೇವರಾದ ಸಂತನ ಮುಂದೆ ಮೇಣದ ಬತ್ತಿ ಉರಿಯುವಷ್ಟು ಹೊತ್ತೂ ಅವನು ನಿಂತೇ ಬಡಿಸಬೇಕು, ನಿಂತೇ ನಗಬೇಕು, ಬಂದವರು ಏನೆಂದರೂ 'ಆಗಲಿ' ಅನ್ನಬೇಕು. ಝ್ರೆನ್ಯಾನಿನ್ ಊರಿನ ವುಕಾಶಿನ್ ಇಪ್ಪತ್ತಾರು ವರ್ಷಗಳಿಂದ ಹೀಗೆ ನಿಂತಿದ್ದ. ಮೊಣಕಾಲು ನೋಯುತ್ತಿತ್ತೇ ಹೊರತು ಮನಸ್ಸು ನೊಂದಿರಲಿಲ್ಲ. ಈ ಸಲ ಮಾತ್ರ, ಹುರಿದ ಹಂದಿಮಾಂಸದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತವನಿಗೆ ಕಾಲ ಕೆಳಗಿನ ನೆಲವೇ ಕಾದ ಹಾಗಾಗಿತ್ತು.

ಮೇಜಿನ ತುದಿಯ ದೊಡ್ಡ ಕುರ್ಚಿಯಲ್ಲಿ ಗ್ವೊಜ್ದೆನ್ ಕೂತಿದ್ದ. ಅವನು ಈ ಮನೆಯ ಕೂಮ. ಮದುವೆಗೆ ಸಾಕ್ಷಿ ನಿಂತವ, ಮಗಳಿಗೆ ಹೆಸರಿಟ್ಟವ. ಒಡಹುಟ್ಟಿದವರಿಗಿಂತ ಒಂದು ಮೆಟ್ಟಿಲು ಮೇಲಿನವ. ಅಂಥವನು ಕೊಟ್ಟದ್ದನ್ನು ಬೇಡ ಅನ್ನುವುದೆಂದರೆ ಅವನನ್ನೇ ಬೇಡ ಅಂದಂತೆ. ಇವತ್ತು ಅವನು ಕೊಟ್ಟದ್ದು ಒಂದು ಹೊಸ ರಿಸೀವರ್, ಸ್ಪೀಕರುಗಳಿಗೆ ಹಾಡು ಕೊಡುವ ರೇಡಿಯೋ ಪೆಟ್ಟಿಗೆ. ಹಳೆಯದು ಸೆಪ್ಟೆಂಬರಿನಲ್ಲಿ ಕೆಟ್ಟು ಕೂತ ಮೇಲೆ ವುಕಾಶಿನ್ನನ ಸ್ಪೀಕರುಗಳು ಮೌನವ್ರತದಲ್ಲಿದ್ದವು. ಕೂಮನಿಗೆ ಅದನ್ನು ಸಹಿಸಲಾಗಿರಲಿಲ್ಲ.

"ಎರಡು ತಿಂಗ್ಳಿಂದ ಈ ಮನೆ ಸ್ಮಶಾನ ಆಗೋಗಿತ್ತು ಕಣಯ್ಯ!" ಎಂದು ಅವನೇ ಪೆಟ್ಟಿಗೆ ಬಿಚ್ಚಿದ್ದ. ಅವನೇ ತಂತಿ ಸಿಕ್ಕಿಸಿದ್ದ. ತನ್ನ ಕುರ್ಚಿಯ ಪಕ್ಕದ ಕಪಾಟಿನ ಮೇಲೆ, ಕೈಗೆಟುಕುವಲ್ಲಿ ಅದನ್ನು ಸ್ಥಾಪಿಸಿದ್ದ. ವುಕಾಶಿನ್ ಆಗ ಪಾದ್ರಿಗೆ ಹಣ್ಣಿನ ಹೆಂಡ ರಾಕಿಯಾ ಸುರಿಯುತ್ತಿದ್ದ.

ಪಾದ್ರಿ ಹರಸಿ ಹೊರಟ ಮೇಲೆ ವುಕಾಶಿನ್ ರಿಸೀವರಿನ ಹಿಂಬದಿ ಬಗ್ಗಿ ನೋಡಿದ. ಸ್ಪೀಕರ್ ಎಂಟು ಓಮ್‌ಗಿಂತ ಕಡಿಮೆ ಇರಬಾರದು ಎಂದು ಬರೆದಿತ್ತು. ಜಪಮಾಲೆಯ ಓಂ ಅಲ್ಲ, ಕರೆಂಟಿಗೆ ಒಡ್ಡುವ ತಡೆಯ ಅಳತೆ, ಎಷ್ಟು ಜಪಿಸಿದರೂ ಹೆಚ್ಚುವುದಿಲ್ಲ. ಅವನ ಸ್ಪೀಕರುಗಳು ನಾಲ್ಕೇ ಓಮ್‌ನವು, ಎಂಟರದ್ದಕ್ಕಿಂತ ಎರಡರಷ್ಟು ಕರೆಂಟು ಕುಡಿಯುವಂಥವು. ಪಕ್ಕದಲ್ಲೇ ಇನ್ನೊಂದು ಸಾಲು: ಒಂದೊಂದು ಸ್ಪೀಕರಿಗೆ ಮೂವತ್ತು ವ್ಯಾಟ್. ಅವನ ಸ್ಪೀಕರುಗಳು ನೂರಿಪ್ಪತ್ತರವು.

ಹೊಸ ಸ್ಪೀಕರ್ ಕೊಳ್ಳಬಹುದಿತ್ತು. ಆದರೆ ಆ ಎರಡು ಡಬ್ಬಗಳ ಮೇಲುಗಡೆ, ಜಾಲರಿಯ ಹಿಂದೆ, ಏರುಸ್ವರ ಹೊಮ್ಮಿಸುವ, ಗುಬ್ಬಚ್ಚಿ ಮೊಟ್ಟೆಯಷ್ಟಿದ್ದ ರೇಷ್ಮೆಯ ಟ್ವೀಟರುಗಳನ್ನು ಕೊಳ್ಳಲಾಗುತ್ತಿರಲಿಲ್ಲ. ಅವುಗಳ ತಂತಿ ಸುರುಳಿಯನ್ನು ಕೂದಲಿಗಿಂತ ಸಪೂರದ ಎಳೆಯಿಂದ ಕೈಯಾರೆ ಸುತ್ತಿದವನು ಅವನ ತಮ್ಮ ಮೊಮ್ಚಿಲೊ. ನದಿಯಾಚೆಯ ಸ್ಪೀಕರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವ, ಸತ್ತು ಆರು ವರ್ಷ. ಅವನ ಕೈಕೆಲಸದಲ್ಲಿ ಭೂಮಿಯ ಮೇಲೆ ಉಳಿದದ್ದು ಆ ಎರಡು ಮೊಟ್ಟೆ ಮಾತ್ರ.

"ಕೂಮಾ," ಎಂದ ವುಕಾಶಿನ್, ತಟ್ಟೆ ಇಡುತ್ತ, ಆದಷ್ಟು ಮೆತ್ತಗೆ. "ದನಿ ಸ್ವಲ್ಪ ಸಣ್ಣಕ್ಕಿಟ್ಟುಕೋ. ಇದು ಮೂವತ್ತು ವ್ಯಾಟು, ಅದು ನೂರಿಪ್ಪತ್ತು, ಓಮೂ ತಾಳೆ ಆಗಲ್ಲ."

"ಅದಕ್ಕೇ ಹೆದರ್ಬೇಡ ಅನ್ನೋದು! ಮೂವತ್ತು ಕೆಜಿ ಹುಡುಗ ನೂರಿಪ್ಪತ್ತು ಕೆಜಿ ಪೈಲ್ವಾನನಿಗೆ ಹೊಡೆದ್ರೆ ಯಾರಿಗಯ್ಯಾ ನೋವು? ದೊಡ್ಡ ರಿಸೀವರ್ ಆಗಿದ್ರೆ ಸ್ಪೀಕರ್ ಸುಡೋದು. ಇದು ಬಡಪಾಯಿ." ನಂತರ ಅವನು ಮೂಗಿನಲ್ಲೇ ರಾಗ ಎಳೆಯುತ್ತ ಪಾದ್ರಿಯ ದನಿ ತೆಗೆದ: "ಬಡಪಾಯಿಗಳು ಧನ್ಯರೂಊಊ, ಅವರಿಗೆ ಇನ್ನೊಂದು ಗ್ಲಾಸು ಸುರಿಯಿರೀಈಈ!"

ಮೇಜೆಲ್ಲ ನಕ್ಕಿತು. ವುಕಾಶಿನ್ ಸುರಿದ. ಗ್ವೊಜ್ದೆನ್ ವಾಲ್ಯೂಮಿನ ತಿರುಪನ್ನು ಅರ್ಧಕ್ಕೆ ತಂದ.

ಎಲ್ಲರೂ ಮಾಡುವ ತಪ್ಪು ಅದು. ಸಣ್ಣ ರಿಸೀವರು ತನ್ನ ಅಳವು ಮೀರಿ ಕಿರುಚಿದಾಗ ದನಿಯ ಅಲೆಗಳ ನೆತ್ತಿಯನ್ನೇ ಸವರಿಹಾಕುತ್ತದೆ. ನೆತ್ತಿ ಹೋದ ಅಲೆ ಟ್ವೀಟರಿಗೆ ಹೋಗುವುದು ಹಾಡಾಗಿ ಅಲ್ಲ, ಕಾವಾಗಿ. ಪೈಲ್ವಾನನಿಗೆ ನೋವಾಗುವುದಿಲ್ಲ, ನಿಜ. ಅವನ ಹೆಗಲ ಮೇಲಿನ ಕೂಸು ಬೇಯುತ್ತದೆ.

ಅಡುಗೆಮನೆಯಲ್ಲಿ ಹೆಂಡತಿ ಮಿಲೆವಾ ಸಾರ್ಮಾದ ಎಲೆಸುರುಳಿಗಳನ್ನು ಪಾತ್ರೆಯಿಂದ ತೆಗೆಯುತ್ತಿದ್ದಳು.

"ಅವನು ಸುಟ್ಟುಹಾಕ್ತಾನೆ," ಎಂದ ಒಳಬಂದ ವುಕಾಶಿನ್.

"ಹೋಗಿ ಹೇಳು ಮತ್ತೆ."

"ಹೇಗ್ ಹೇಳ್ಲಿ? ಇವತ್ತು? ಕೂಮನಿಗೆ? ಎಲ್ಲರೆದುರಿಗೆ?"

"ಹಾಗಾದ್ರೆ ಹೇಳ್ಬೇಡ." ಅವಳು ತಟ್ಟೆಯನ್ನು ಅವನ ಕೈಗೆ ತುರುಕಿದಳು. "ಆ ಮಷೀನು ಬೆತ್ತಲೆ ನಿಂತಿತ್ತು, ಹಬ್ಬದ ದಿನ ನಾಚಿಕೆಗೇಡು ಅಂತ ಅಮ್ಮನ ಕ್ರೋಶಾ ಬಟ್ಟೆ ಹೊದಿಸಿದೀನಿ. ಅದ್ರ ಮೇಲೆ ಏನೂ ಚೆಲ್ಲದ ಹಾಗೆ ನೋಡ್ಕೋ."

ಅವನು ತಟ್ಟೆ ಹಿಡಿದು ಹೊರಬಂದು ನೋಡಿದ. ಹೌದು. ಬಿಳಿ ನೂಲಿನ ದಪ್ಪ ಬಟ್ಟೆ, ಅಂಚಿನಲ್ಲಿ ಗುಲಾಬಿ ಹೂಗಳು, ರಿಸೀವರಿನ ಬೆನ್ನಿನ ಗಾಳಿಕಂಡಿಗಳ ಮೇಲೆ ಒಂದೂ ಬಿಡದಂತೆ ಹರಡಿಕೊಂಡಿತ್ತು. ಈ ಊರಿನಲ್ಲಿ ಟೀವಿಗೂ ರೇಡಿಯೋಗೂ ಟೆಲಿಫೋನಿಗೂ ಹೀಗೇ ಸೆರಗು ಹೊದಿಸುವುದು. ಬಟ್ಟೆಯ ಸುತ್ತ ಬೆಚ್ಚನೆಯ ಧೂಳಿನ ವಾಸನೆ ಆಗಲೇ ಏಳುತ್ತಿತ್ತು.

ವುಕಾಶಿನ್ನನ ತಲೆಯಲ್ಲಿ ಒಂದು ಕೆಟ್ಟ ಯೋಚನೆ ಕಾಲಿಟ್ಟಿತು. ಬಟ್ಟೆ ಹಾಗೇ ಇರಲಿ. ನಾಲ್ಕು ಓಮ್ ಹೊರಲಾರದೆ ರಿಸೀವರು ಹೇಗೂ ಬಿಸಿಯೇರುತ್ತಿದೆ, ಇನ್ನು ಸ್ವಲ್ಪ ಹೊತ್ತಿಗೆ ಉಸಿರುಕಟ್ಟಿ ತಾನೇ ನಿಲ್ಲುತ್ತದೆ. ಕೂಮನಿಗೆ ಯಾರೂ ಏನೂ ಅನ್ನಬೇಕಿಲ್ಲ. ಅಯ್ಯೋ, ಕೆಟ್ಟುಹೋಯ್ತಲ್ಲ ಎಂದು ತಾನೂ ಲೊಚಗುಟ್ಟಬಹುದು. ಮೊಮ್ಚಿಲೊ ಉಳಿಯುತ್ತಾನೆ.

"ನೋಡ್ರಪ್ಪಾ," ಗ್ವೊಜ್ದೆನ್ ಪಕ್ಕದವರಿಗೆ ಹೇಳುತ್ತಿದ್ದ, ರಿಸೀವರಿನ ಬೆನ್ನು ತಟ್ಟುತ್ತ. "ನಂಗೆ ಇದ್ರ ಬಗ್ಗೆ ಒಂದಕ್ಷರ ಗೊತ್ತಿಲ್ಲ. ಮೂರು ಅಂಗಡಿ ಸುತ್ತಿದೆ. ನಮ್ ವುಕಾಶಿನ್ನನಿಗೆ ಹಾಡಿಲ್ದೆ ಊಟ ಇಳಿಯಲ್ಲ ಅಂದೆ."

ಆ ಮಾತು ಕೇಳಿದ ಮೇಲೆ ಲೊಚಗುಟ್ಟುವ ನಾಲಿಗೆ ಒಣಗಿತು. ವುಕಾಶಿನ್ ತಟ್ಟೆ ಇಟ್ಟು, ಬಟ್ಟೆಯನ್ನು ಸರಕ್ಕನೆ ಎಳೆದು ಹೆಗಲಿಗೆ ಹಾಕಿಕೊಂಡ. ಕೈಗೆ ತಗುಲಿದ ಲೋಹ ಇಸ್ತ್ರಿಪೆಟ್ಟಿಗೆಯಂತೆ ಚುರುಗುಟ್ಟಿತು.

"ಏನಯ್ಯಾ, ಮದುಮಗಳ ಹಾಗೆ ಸೆರಗು ಹೊದ್ದೆ?" ಕೂಮ ನಕ್ಕ. ಅಷ್ಟರಲ್ಲಿ ಎಲ್ಲರಿಗೂ ಗೊತ್ತಿದ್ದ ಕುಣಿತದ ಹಾಡು ಶುರುವಾಯಿತು. "ಓಹೋ! ಇದು ಪಿಸುಗುಟ್ಟೋ ಹಾಡಲ್ಲ!" ಎಂದು ತಿರುಪನ್ನು ಮುಕ್ಕಾಲು ದಾಟಿಸಿದ.

ಗ್ಲಾಸುಗಳು ನಡುಗಿದವು. ಕುರ್ಚಿಗಳು ಹಿಂದೆ ಸರಿದವು, ಯಾರೋ ಕೈ ತಟ್ಟಿದರು. ವುಕಾಶಿನ್ನನಿಗೆ ಕೇಳಿಸಿದ್ದು ಹಾಡಲ್ಲ. ಅಕಾರ್ಡಿಯನ್ನಿನ ಮೇಲುಸ್ವರಗಳ ತುದಿಯಲ್ಲಿ ಒಂದು ಒರಟು ಅಂಚು, ಒಣಗಿದ ಎಲೆ ಉಜ್ಜಿದಂತೆ: ಚ್ರ್, ಚ್ರ್. ಬಲಗಡೆಯದು. ಇನ್ನು ಒಂದು ಹಾಡು ತಾಳುವುದಿಲ್ಲ. ಅರ್ಧ ಹಾಡೂ ತಾಳುವುದಿಲ್ಲವೇನೋ.

ಅವನು ಕೂಮನ ಭುಜದ ಮೇಲಿಂದ ಕೈ ಚಾಚಿ ತಿರುಪನ್ನು ಸೊನ್ನೆಗೆ ತಿರುಗಿಸಿದ.

"ಇಲ್ಲ," ಎಂದ. "ನನ್ನ ಮನೇಲಿ ಇದನ್ನ ಹೀಗೆ ನುಡಿಸೋ ಹಾಗಿಲ್ಲ. ನಾಲ್ಕು ಓಮಿಗೆ ಇದು ಹೊಂದಲ್ಲ, ಹೇಳಿದ್ನಲ್ಲ."

ಎತ್ತಿದ ಕೈಗಳು ಗಾಳಿಯಲ್ಲೇ ನಿಂತವು. ಗ್ವೊಜ್ದೆನ್ ಕಿವಿಯವರೆಗೂ ಕೆಂಪಾದ. ಯಾರ ದನಿಯನ್ನೂ ಅನುಕರಿಸಲಿಲ್ಲ. ಕರವಸ್ತ್ರ ಮಡಿಸಿ ತಟ್ಟೆಯ ಪಕ್ಕ ಇಟ್ಟು, ಎದ್ದು, ಗೂಟದಿಂದ ಟೋಪಿ ತೆಗೆದುಕೊಂಡು ಹೊರಗೆ ನಡೆದ.

ಅಂಗಳದಲ್ಲಿ, ದ್ರಾಕ್ಷಿ ಚಪ್ಪರದ ಬೋಳು ಕಂಬಗಳ ಕೆಳಗೆ ವುಕಾಶಿನ್ ಅವನನ್ನು ಹಿಡಿದ. ಹೆಗಲ ಮೇಲೆ ಕ್ರೋಶಾ ಬಟ್ಟೆ ಹಾಗೇ ಇತ್ತು.

"ಇಪ್ಪತ್ತಾರು ವರ್ಷ," ಎಂದ ಗ್ವೊಜ್ದೆನ್, ಗೇಟಿನ ಅಗುಳಿ ನೋಡುತ್ತ. "ಓಮ್ ಅಂತೆ! ಓಮಿಗೋಸ್ಕರ ನನ್ನ ಎಬ್ಬಿಸಿ ಕಳಿಸ್ದೆ."

"ಆ ಟ್ವೀಟರಿನ ಸುರುಳಿ ಸುತ್ತಿದ್ದು ಮೊಮ್ಚಿಲೊ. ಎರಡೂ. ಅದು ಸುಟ್ರೆ ಇನ್ನಿಲ್ಲ."

ಗ್ವೊಜ್ದೆನ್ ಅಗುಳಿಯಿಂದ ಕೈ ತೆಗೆದ. ಮೊಮ್ಚಿಲೊನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

"ಕತ್ತೆ ಕಣಯ್ಯಾ ನೀನು. ಓಮು ವ್ಯಾಟು ಅಂತ ಆಗ್ಲಿಂದ ಗೊಣಗಿದ್ಯಲ್ಲ, ಮೊದ್ಲು ಮೊಮ್ಚಿಲೊ ಅಂತ ಒಂದು ಮಾತು ಅನ್ನೋಕೆ ಏನಾಗಿತ್ತು?"

"ಅವನ ಹೆಸರೆತ್ತಿ ನಿನ್ನ ಬಾಯಿ ಮುಚ್ಚಿಸೋಕೆ ಮನಸ್ಸು ಬರಲಿಲ್ಲ."

"ಈಗ ಟೋಪಿ ತಗೊಂಡು ಎದ್ದುಹೋಗೋ ಹಾಗೆ ಮಾಡಿದ್ಯಲ್ಲ, ಅದಕ್ಕೆ ಮನಸ್ಸು ಬಂತಾ?" ಎಂದು ಗ್ವೊಜ್ದೆನ್ ತಿರುಗಿ ಮನೆಯೊಳಕ್ಕೇ ನಡೆದ.

ಒಳಗೆ ಅವನು ತನ್ನ ಕುರ್ಚಿಗೆ ಹೋಗಲಿಲ್ಲ. ಟೋಪಿ ತೆಗೆಯದೆಯೇ ನೆಲಕ್ಕೆ ಮಂಡಿಯೂರಿ ಎಡ ಸ್ಪೀಕರಿನ ಜಾಲರಿಗೆ ಕಿವಿ ಹಚ್ಚಿದ. "ಹಾಕು. ಸಣ್ಣಕ್ಕೆ."

ವುಕಾಶಿನ್ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ. ಕೇಳಬೇಕಾದರೆ ಮೇಜಿನವರೆಲ್ಲ ಅಗಿಯುವುದನ್ನು ನಿಲ್ಲಿಸಬೇಕಿತ್ತು, ನಿಲ್ಲಿಸಿದರು. ಎಡಗಡೆ ಅಕಾರ್ಡಿಯನ್ ತಿಳಿನೀರಿನಂತೆ ಹರಿಯಿತು. ಗ್ವೊಜ್ದೆನ್ ಮಂಡಿಯಲ್ಲೇ ತೆವಳಿ ಬಲಗಡೆಗೆ ಬಂದ. ವುಕಾಶಿನ್ ಅವನ ಪಕ್ಕ ಬಗ್ಗಿದ. ದನಿ ಇತ್ತು, ಹಾಡುತ್ತಿತ್ತು, ಆದರೆ ಏರುಸ್ವರ ಬಂದಾಗಲೆಲ್ಲ ಅದರ ಹಿಂದೆಯೇ ಸಣ್ಣಗೆ: ಚ್ರ್.

"ಇದು ಮೊದ್ಲೂ ಹೀಗೇ ಇತ್ತಾ?" ಗ್ವೊಜ್ದೆನ್ ಕೇಳಿದ.

ಬಂದವರು ಏನು ಕೇಳಿದರೂ ಸಮಾಧಾನವಾಗುವ ಉತ್ತರ ಕೊಡಬೇಕಾದ ದಿನ ಅದು. ಮಿಲೆವಾ ಬಾಗಿಲಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದಳು.

"ಇಲ್ಲ ಕೂಮಾ," ಎಂದ ವುಕಾಶಿನ್. "ಈಗ ಆಗಿದ್ದು."

ಗ್ವೊಜ್ದೆನ್ ಕಿವಿ ತೆಗೆಯಲಿಲ್ಲ. ಇನ್ನೂ ಎರಡು ಏರುಸ್ವರ ಕೇಳಿದ. ಆಮೇಲೆ ತಾನೇ ಕೈ ಚಾಚಿ ರಿಸೀವರಿನ ಪ್ಲಗ್ಗು ಕಿತ್ತ.

"ನಾಳೆ ಬೆಳಿಗ್ಗೆ ಬರ್ತೀನಿ," ಎಂದ. "ಬಿಚ್ಚಿ ತೋರಿಸು, ಎಷ್ಟು ಸುಟ್ಟಿದೆ ನೋಡ್ಬೇಕು."